ಅಪ್ಪನ ಹೊಟ್ಟೆಗೆ ರೇಷ್ಮೆ ದಾರ

ರೇಷ್ಮೆಯ ಮೇಲೆ ಡಾಕ್ಟರೇಟ್ ಮಾಡಿದವರು ಎಂದು ಯಾರಾದರೂ ನನ್ನನ್ನು ಪರಿಚಯ ಮಾಡಿಕೊಟ್ಟರೆ ಈಗಲೂ ನನಗೆ ಮೈ ಉರಿಯುತ್ತದೆ. ಓದಿದ್ದು ನಾನು, ಸುಳ್ಳಲ್ಲ. ಆದರೆ ಅದೇ ರೇಷ್ಮೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಏಳು ತಿಂಗಳು ನರಳಿದವನು ಅಪ್ಪ. ಅದನ್ನು ಅವನ ಹೊಟ್ಟೆಗೆ ಹಾಕಿಸಿದ್ದು ನನ್ನ ಬಾಯಿ.

ದೊಡ್ಡಬಳ್ಳಾಪುರ ಮುಗಿದು ರಾಗಿ ಹೊಲ ಶುರುವಾಗುವ ಕಡೆ ನಮ್ಮ ಮನೆ. ಊರ ತುಂಬ ಮಗ್ಗಗಳ ಸದ್ದು, ನಮ್ಮಲ್ಲಿ ಮಾತ್ರ ಮಗ್ಗವಿರಲಿಲ್ಲ. ನಮ್ಮದು ಬೇಸಾಯದ ಮನೆತನ. ಹೊಲದ ಅಂಚಿನಲ್ಲಿ ಒಂದು ಸಿಹಿನೀರಿನ ಬಾವಿ ಇತ್ತು. ನೂಲು ಬೇಯಿಸುವುದಕ್ಕೆ ಅಂಥ ನೀರೇ ಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ಅಪ್ಪ ತನ್ನ ಚಿಕ್ಕ ವಯಸ್ಸಿನಲ್ಲೇ ಬಾವಿಯ ಪಕ್ಕ ಶೀಟು ಹಾಕಿಸಿ ಆ ಕೆಲಸಕ್ಕೆ ಇಳಿದ. ರೇಷ್ಮೆ ಹುಳು ಗೂಡು ಕಟ್ಟುವಾಗ ಎಳೆಯ ಮೇಲೆ ಒಂದು ಅಂಟನ್ನು ಬಿಡುತ್ತದೆ. ಅದು ಇರುವಷ್ಟು ಕಾಲ ನೂಲು ಒರಟು, ಹೊಳಪಿಲ್ಲ, ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಸೋಪು, ಸೋಡ ಹಾಕಿ ಕುದಿಸಿದ ನೀರಿನಲ್ಲಿ ಲಡಿಗಳನ್ನು, ಅಂದರೆ ನೂಲಿನ ಸುತ್ತುಗಳನ್ನು, ಕೋಲಿನಿಂದ ಇಳಿಬಿಟ್ಟು, ಮಗುಚಿ ಮಗುಚಿ ಬೇಯಿಸಿದರೆ ಅಂಟು ಕರಗಿ ನೀರಿಗೆ ಹೋಗುತ್ತದೆ, ಒಳಗಿನ ಎಳೆ ಬೆಳ್ಳಗೆ ಉಳಿಯುತ್ತದೆ. ಮಗ್ಗದ ಮನೆಯವರು ಹಸಿ ನೂಲು ತಂದು ಹಾಕಿ ಬೆಂದ ನೂಲು ತೆಗೆದುಕೊಂಡು ಹೋಗುತ್ತಿದ್ದರು.

ಬೇಯಿಸುವುದು ಅಪ್ಪ. ಬೆಂದ ಲಡಿಗಳನ್ನು ತಣ್ಣೀರಿನಲ್ಲಿ ಜಾಲಿಸುವುದಕ್ಕೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಬರುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದವಳು, ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದ ನಮ್ಮ ಶೀಟಿನ ಕೆಳಗೇ ಇದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅಮ್ಮಣ್ಣಿ ಅನ್ನುತ್ತಿದ್ದಳು.

ಇಬ್ಬರ ಕೈಯೂ ಒಂದೇ ಥರ ಆಗಿಹೋಗಿತ್ತು. ಬೆರಳ ಸಂದಿನಲ್ಲಿ ಕೆಂಪು, ಸದಾ ಕೆರೆತ. ಹಂಡೆಯಿಂದ ಹಬೆ ಏಳುವಾಗ ಅಪ್ಪನಿಗೆ ಒಂದರ ಮೇಲೊಂದು ಸೀನು, ಕಣ್ಣಲ್ಲಿ ನೀರು, ಕೆಲವು ದಿನ ಎದೆ ಕಟ್ಟಿಕೊಂಡು ಉಬ್ಬಸ. ಕೇಳಿದರೆ, "ಸೋಡ ಕಣಮ್ಮ, ಸೋಡದ ಉರಿ ಅದು" ಅನ್ನುತ್ತಿದ್ದ. ಅಮ್ಮ ಹರಳೆಣ್ಣೆ ಹಚ್ಚುತ್ತಿದ್ದಳು. ಅದೇ ಸೋಡ ಹಾಕಿ ಅಮ್ಮ ಮನೆಯ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದಳು, ಅವಳ ಕೈಗೆ ಏನೂ ಆಗುತ್ತಿರಲಿಲ್ಲ. ಇದು ನನ್ನ ಕಣ್ಣ ಮುಂದೆ ಹದಿನೈದು ವರ್ಷ ನಡೆಯಿತು. ನಾನು ಕೆಮಿಸ್ಟ್ರಿ ಓದುತ್ತಿದ್ದೆ, ಮೊದಲ ದರ್ಜೆಯಲ್ಲಿ ಪಾಸೂ ಆಗುತ್ತಿದ್ದೆ. ನಾನೂ ಸೋಡವೆಂದೇ ನಂಬಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ನನಗೆ ಪಿಎಚ್.ಡಿ.ಗೆ ಜಾಗ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗೈಡು ಕೊಟ್ಟ ವಿಷಯ ರೇಷ್ಮೆ. ಹೊಲಿಗೆ ದಾರವಾಗಿ, ಮುಂದೆ ಇನ್ನೂ ಏನೇನೋ ಆಗಿ, ದೇಹದೊಳಗೆ ರೇಷ್ಮೆಯನ್ನು ಇಟ್ಟರೆ ದೇಹ ಅದನ್ನು ಹೇಗೆ ಕಾಣುತ್ತದೆ ಎನ್ನುವುದು ಪ್ರಶ್ನೆ. ನಮ್ಮ ನೂಲೇ ಎಂದು ನನಗೆ ಖುಷಿಯಾಗಿತ್ತು. ಅಪ್ಪನಿಗೆ ನನಗಿಂತ ಹೆಚ್ಚು. ಮಗ್ಗದ ಮನೆಯವರು ಬಂದಾಗಲೆಲ್ಲ, "ನಮ್ಮುಡುಗಿ ನಮ್ಮ ನೂಲ್ನೇ ಓದ್ತಾವ್ಳೆ" ಅನ್ನುತ್ತಿದ್ದ.

ಹೊರಗಿನ ವಸ್ತು ಏನೇ ಒಳಗೆ ಹೋದರೂ ನಮ್ಮ ರಕ್ತದಲ್ಲಿನ ಪ್ರೋಟೀನುಗಳು ಕ್ಷಣದಲ್ಲಿ ಅದರ ಮೈಗೆ ಅಂಟಿಕೊಳ್ಳುತ್ತವೆ. ಯಾವುದು ಅಂಟುತ್ತದೆ, ಹೇಗೆ ತಿರುಗಿ ಕೂರುತ್ತದೆ ಎನ್ನುವುದು ಆ ವಸ್ತುವಿನ ಮೇಲ್ಮೈ ನೀರನ್ನು ಇಷ್ಟಪಡುತ್ತದೋ ಇಲ್ಲವೋ, ಅದರ ಮೇಲೆ ಎಂಥ ಅಣುಗಳಿವೆ ಎನ್ನುವುದರ ಮೇಲೆ ನಿಂತಿದೆ. ಆಮೇಲೆ ರಕ್ಷಣೆಯ ಕಣಗಳು, ಅಂದರೆ ರಕ್ತದ ಬಿಳಿ ಕಣಗಳು, ಬರುತ್ತವೆ. ಅವು ವಸ್ತುವಿನ ಒಳಗೇನಿದೆ ಎಂದು ವಿಚಾರಿಸುವುದಿಲ್ಲ, ಮೇಲಿರುವುದನ್ನು ಮುಟ್ಟಿ ನೋಡಿ ತೀರ್ಮಾನ ಮಾಡುತ್ತವೆ. ಒಗ್ಗಿದರೆ ಸುಮ್ಮನಾಗುತ್ತವೆ. ಒಗ್ಗದಿದ್ದರೆ ತಿನ್ನಲು ನೋಡುತ್ತವೆ. ತಿನ್ನಲಾಗದಷ್ಟು ದೊಡ್ಡದಾದರೆ ಹತ್ತಾರು ಕಣಗಳು ಒಂದಾಗಿ ಕೂಡಿಕೊಂಡು ಅದರ ಮೇಲೆ ಕೂರುತ್ತವೆ, ಸುತ್ತ ಗೋಡೆ ಕಟ್ಟುತ್ತವೆ, ಕೊನೆಗೆ ಹೊರಕ್ಕೆ ದಬ್ಬುತ್ತವೆ.

ನಾನು ಇಲಿಗಳ ಚರ್ಮದ ಕೆಳಗೆ ಮೂರು ಬಗೆಯ ಎಳೆ ಇಟ್ಟೆ. ಅಂಟಿರುವ ಹಸಿ ನೂಲು ಒಂದು. ಅಪ್ಪ ಬೇಯಿಸಿದ್ದನ್ನು ಲ್ಯಾಬಿನಲ್ಲಿ ಇನ್ನೆರಡು ಸಲ ಬೇಯಿಸಿ ಅಂಟು ಪೂರ್ತಿ ತೆಗೆದದ್ದು ಇನ್ನೊಂದು. ಹಾಗೆ ಬೆಂದದ್ದರ ಮೇಲ್ಮೈಯನ್ನು ನೀರು ಹಿಡಿಯುವಂತೆ ಬದಲಾಯಿಸಿದ್ದು ಮೂರನೆಯದು. ವಾರಗಳ ನಂತರ ಆ ಜಾಗವನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಎಣಿಸುವುದು ಕೆಲಸ. ಹಸಿ ನೂಲಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಬೆಂದ ನೂಲಿನ ಸುತ್ತ ಕಡಿಮೆ. ಮೂರನೆಯದರ ಸುತ್ತ ಇನ್ನೂ ಕಡಿಮೆ. ಗೈಡು ನನ್ನ ಸ್ಲೈಡುಗಳನ್ನು ನೋಡಿ ಬೆನ್ನು ತಟ್ಟಿದರು. ಅವತ್ತಿನಿಂದ ನನಗೆ ಕೊಂಬು ಬಂತು.

ಆ ಕೊಂಬಿದ್ದ ದಿನಗಳಲ್ಲೇ ಅಪ್ಪನಿಗೆ ಹರ್ನಿಯಾ ಎಂದಾಯಿತು. ನೆನೆದ ಲಡಿಗಳ ಕೋಲನ್ನು ವರ್ಷಗಟ್ಟಲೆ ಎತ್ತಿದ ಹೊಟ್ಟೆ ಅದು, ಒಂದು ಕಡೆ ಸಡಿಲವಾಗಿ ಉಬ್ಬಿಕೊಂಡಿತ್ತು. ಊರಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಹಿಂದಿನ ದಿನ ಡಾಕ್ಟರು ಚೀಟಿ ಬರೆದು ಕೊಟ್ಟರು, ಔಷಧಿ ಅಂಗಡಿಯಿಂದ ತರಬೇಕಾದ ಸಾಮಾನುಗಳ ಪಟ್ಟಿ. ಒಳಗಿನ ಹೊಲಿಗೆಗೆ ನೈಲಾನ್ ದಾರ ಎಂದಿತ್ತು. ಅಪ್ಪ ನನ್ನಿಂದ ಅದನ್ನು ಓದಿಸಿಕೊಂಡು ಮುಖ ಸಿಂಡರಿಸಿದ.

"ನೈಲಾನ್ ಅಂದ್ರೆ ಪ್ಲಾಸ್ಟಿಕ್ಕೇ ಅಲ್ವಾ ಡಾಕ್ಟ್ರೇ?" ಅಂದ. "ಸಾಯೋವರ್ಗೂ ಹೊಟ್ಟೆ ಒಳ್ಗೇ ಇರುತ್ತಾ?"

ಡಾಕ್ಟರು ಹೌದು ಅಂದರು.

"ಹಂಗಾದ್ರೆ ರೇಷ್ಮೆ ಹಾಕ್ಬಿಡಿ. ನಮ್ಮವ್ವ ಮಡಿಗೆ ರೇಷ್ಮೆನೇ ಉಡ್ತಿದ್ಲು. ಅದಕ್ಕೆ ಮೈಲಿಗೆ ಇಲ್ಲ. ಇಷ್ಟು ವರ್ಷ ರೇಷ್ಮೆಲೇ ಕೈ ಆಡ್ಸಿದೀನಿ, ಅದು ನಂಗೆ ಕೆಟ್ಟದ್ ಮಾಡಲ್ಲ."

ನಮ್ಮ ಕಡೆ ಇದು ವಿಚಿತ್ರದ ಮಾತಲ್ಲ. ಹತ್ತಿ ಬಟ್ಟೆಯನ್ನು ದಿನಾ ಒಗೆದು ಮಡಿ ಮಾಡಬೇಕು, ರೇಷ್ಮೆ ಉಟ್ಟರೆ ಅದೇ ಮಡಿ. ಹುಳುವನ್ನು ಬೇಯಿಸಿ ತೆಗೆದ ನೂಲು ಹೇಗೆ ಮಡಿಯಾಯಿತು ಎಂದು ಯಾರೂ ಕೇಳುವುದಿಲ್ಲ. ದೇವರ ಮುಂದೆ ಶುದ್ಧವಾದದ್ದು ಹೊಟ್ಟೆಯೊಳಗೂ ಶುದ್ಧವಾಗಿಯೇ ಇರಬೇಕು ಎಂದು ಅಪ್ಪ ಲೆಕ್ಕ ಹಾಕಿದ. ಬೇರೆ ಮನೆಯಲ್ಲಾಗಿದ್ದರೆ ಆ ಲೆಕ್ಕದಿಂದ ಕೇಡಾಗುತ್ತಿರಲಿಲ್ಲವೇನೋ, ನೂಲು ಬೇಯಿಸುವವನ ಮನೆಯಲ್ಲಿ ಆಯಿತು.

ಡಾಕ್ಟರು ಒಳ್ಳೆಯವರು. ರೇಷ್ಮೆ ದಾರವೂ ಬಳಕೆಯಲ್ಲಿದೆ, ಗಂಟು ಚೆನ್ನಾಗಿ ನಿಲ್ಲುತ್ತದೆ, ಆದರೆ ಕೆಲವರಿಗೆ ಒಗ್ಗುವುದಿಲ್ಲ ಎಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಇದರ ಮೇಲೇ ರಿಸರ್ಚ್ ಮಾಡ್ತಿದೀರಂತೆ. ನೀವೇ ಹೇಳಿ, ಏನ್ ಹಾಕೋಣ?"

ಕೇಳಬಾರದಾಗಿತ್ತು ಅವರು. ಕೇಳಿದರೂ ನಾನು ಗೊತ್ತಿಲ್ಲ ಅನ್ನಬಹುದಾಗಿತ್ತು. ನಾನು ಆ ಪುಟ್ಟ ಕೋಣೆಯಲ್ಲಿ ನಿಂತು ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ತೊಂದರೆ ರೇಷ್ಮೆಯದ್ದಲ್ಲ, ಮೇಲಿನ ಅಂಟಿನದ್ದು, ಆಪರೇಷನ್ನಿನ ದಾರದಲ್ಲಿ ಅಂಟು ತೆಗೆದಿರುತ್ತಾರೆ, ಮೇಲೆ ಮೇಣದ ಲೇಪವಿರುತ್ತದೆ, ನನ್ನ ಇಲಿಗಳಲ್ಲಿ ಬೆಂದ ರೇಷ್ಮೆಗೆ ಪ್ರತಿಕ್ರಿಯೆ ತೀರಾ ಕಡಿಮೆ ಎಂದೆಲ್ಲ. ಅಪ್ಪ ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕೈ ಮಾತ್ರ ತನ್ನ ಪಾಡಿಗೆ ಬೆರಳ ಸಂದನ್ನು ಕೆರೆಯುತ್ತಿತ್ತು. ಡಾಕ್ಟರು ಚೀಟಿಯಲ್ಲಿ ನೈಲಾನ್ ಹೊಡೆದುಹಾಕಿ ರೇಷ್ಮೆ ಎಂದು ಬರೆದರು.

ಎಂಟನೆಯ ದಿನ ಚರ್ಮದ ಮೇಲಿನ ಹೊಲಿಗೆ ಬಿಚ್ಚಿದರು. ಗಾಯ ಚೆನ್ನಾಗಿ ಕೂಡಿಕೊಂಡಿತ್ತು. ಮೂರನೆಯ ವಾರ ಗೆರೆಯ ಒಂದು ತುದಿ ಕೆಂಪಾಯಿತು, ಊದಿತು, ಒಡೆದು ನೀರು ನೀರಾದ ಕೀವು ಬಂತು. ಡಾಕ್ಟರು ಮಾತ್ರೆ ಕೊಟ್ಟರು, ಸಕ್ಕರೆ ಪರೀಕ್ಷೆ ಮಾಡಿಸಿದರು, ಸಕ್ಕರೆ ಇರಲಿಲ್ಲ. ಕೆಲವು ದಿನಗಳ ಮೇಲೆ ಅಮ್ಮ ಗಾಯ ಒರೆಸುವಾಗ ಹತ್ತಿಗೆ ಕಪ್ಪಗೆ ಏನೋ ಸಿಕ್ಕಿತು. ನನ್ನನ್ನು ಕರೆದು ತೋರಿಸಿದಳು. ಕಪ್ಪು ಬಣ್ಣ ಹಾಕಿದ ರೇಷ್ಮೆಯ ಒಂದು ಗಂಟು. ಹೊಟ್ಟೆ ಅದನ್ನು ಉಗಿದಿತ್ತು.

ಗಾಯದ ಆ ಬಾಯಿ ಮುಚ್ಚಿತು. ತಿಂಗಳು ಕಳೆದು ಎರಡಂಗುಲ ಆಚೆ ಇನ್ನೊಂದು ಬಾಯಿ ತೆರೆಯಿತು, ಇನ್ನೊಂದು ಗಂಟು ಬಂತು. ಆಮೇಲೆ ಮತ್ತೊಂದು. ಅಪ್ಪ ಪಂಚೆಯನ್ನು ಕೆಳಗೆ ಕಟ್ಟಿಕೊಂಡು ಜಗಲಿಯ ಮೇಲೆ ಒರಗಿಕೊಂಡು ಕೂರುತ್ತಿದ್ದ. ನೂಲು ಬೇಯಿಸುವುದು ನಿಂತೇಹೋಯಿತು. ಸ್ವಲ್ಪ ದಿನ ಅಕ್ಕ ಒಬ್ಬಳೇ ಚಿಕ್ಕ ಹಂಡೆ ಇಟ್ಟುಕೊಂಡು ಆದಷ್ಟು ಮಾಡಿದಳು. ಹದ ಕೇಳುವುದಕ್ಕೆ ಅವಳು ಆಗಾಗ ಜಗಲಿಗೆ ಬರುತ್ತಿದ್ದಳು, ಒದ್ದೆ ಲಡಿ ಹಿಡಿದುಕೊಂಡು. ಅಪ್ಪ ಅದನ್ನು ಮುಟ್ಟಿ ನೋಡಿ ಹೇಳುತ್ತಿದ್ದ. ಅವನು ಲಡಿ ಮುಟ್ಟಿದ ದಿನ ಸಂಜೆ ಗಾಯದ ಸುತ್ತ ತುರಿಕೆ ಹೆಚ್ಚು ಎಂದು ಗಮನಿಸಿದ್ದು ಅಮ್ಮ. ಅವಳು ನಾಲ್ಕನೆಯ ಕ್ಲಾಸಿನ ಮೇಲೆ ಓದಿದವಳಲ್ಲ.

"ನೂಲು ಮುಟ್ಬ್ಯಾಡಿ ಅಂದ್ರೆ ಕೇಳಲ್ಲ" ಎಂದು ಅವಳು ಗೊಣಗಿದ್ದು ನನ್ನ ಕಿವಿಗೆ ಬಿತ್ತು, ಬಸ್ಸಿಗೆ ಹೊರಡುವ ಆತುರದಲ್ಲಿ. ಯಲಹಂಕ ದಾಟುವ ಹೊತ್ತಿಗೆ ಆ ಮಾತಿನ ಅರ್ಥ ನನಗೆ ಹೊಳೆಯಿತು. ನನ್ನ ಇಲಿಗಳು ಲ್ಯಾಬಿನಲ್ಲಿ ಹುಟ್ಟಿ ಲ್ಯಾಬಿನಲ್ಲಿ ಬೆಳೆದವು. ರೇಷ್ಮೆಯನ್ನು ಅವು ಜನ್ಮದಲ್ಲಿ ಕಂಡಿರಲಿಲ್ಲ. ಅಪ್ಪ ಕಂಡಿದ್ದ. ಇಷ್ಟು ವರ್ಷ ಅಂಟನ್ನು ಕೈಯಿಂದ ಕುಡಿದಿದ್ದ, ಹಬೆಯಲ್ಲಿ ಉಸಿರಾಡಿದ್ದ. ರಕ್ಷಣೆಯ ಕಣಗಳು ಮೇಲ್ಮೈಯನ್ನು ಮುಟ್ಟಿ ತೀರ್ಮಾನ ಮಾಡುತ್ತವೆ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದ ನಾನು ಅವಕ್ಕೆ ನೆನಪಿರುತ್ತದೆ ಎನ್ನುವುದನ್ನು ಮರೆತಿದ್ದೆ. ಒಂದು ಸಲ ಶತ್ರು ಎಂದು ಗುರುತು ಹಿಡಿದದ್ದನ್ನು ಅವು ಮೇಣದ ಕೆಳಗೂ, ಕಪ್ಪು ಬಣ್ಣದ ಕೆಳಗೂ ಹುಡುಕಿ ತೆಗೆಯುತ್ತವೆ. ದಾರ ಎಷ್ಟೇ ಬೆಂದಿರಲಿ, ಎಳೆಯ ಸಂದಿನಲ್ಲಿ ಅಂಟಿನ ಒಂದು ಚೂರು ಉಳಿದಿದ್ದರೆ ಅವಕ್ಕೆ ಸಾಕು.

ಆ ಭಾನುವಾರ ಹಂಡೆಯ ಅಂಟಿನ ನೀರನ್ನು, ಸೋಪು ಸೋಡ ಇಲ್ಲದೆ ಬರೀ ನೀರಿನಲ್ಲಿ ಬೇಯಿಸಿ ತೆಗೆದದ್ದನ್ನು, ಶೋಧಿಸಿ ಇಟ್ಟುಕೊಂಡೆ. ಅಪ್ಪನನ್ನು ಕೂರಿಸಿ ಮುಂಗೈ ಮೇಲೆ ಎರಡು ಹನಿ ಹಾಕಿದೆ, ಒಂದು ಉಪ್ಪು ನೀರಿನದು, ಒಂದು ಅಂಟಿನ ನೀರಿನದು. ಎರಡರ ಮೇಲೂ ಕುದಿಸಿದ ಸೂಜಿಯಿಂದ ಮೆಲ್ಲಗೆ ಚುಚ್ಚಿದೆ. ಉಪ್ಪು ನೀರಿನ ಜಾಗ ಹಾಗೇ ಇತ್ತು. ಅಂಟಿನ ಜಾಗ ಕಾಲು ಗಂಟೆಯಲ್ಲಿ ದೊಡ್ಡ ಹುರುಳಿಕಾಯಿ ಬೀಜದಷ್ಟು ಎದ್ದು ಸುತ್ತ ಕೆಂಪಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ತಾನಾಗಿ ಕೈ ಚಾಚಿದಳು. "ನಂಗೂ ನೋಡು ಅಮ್ಮಣ್ಣಿ, ನಂದೂ ಇದೇ ಪಾಡು." ಅವಳಿಗೆ ಅಪ್ಪನಿಗಿಂತ ದೊಡ್ಡದಾಗಿ ಎದ್ದಿತು. ಅಮ್ಮನ ಕೈಗೂ ನನ್ನ ಕೈಗೂ ಚುಚ್ಚಿ ನೋಡಿದೆ, ಏನೂ ಆಗಲಿಲ್ಲ.

ಅಪ್ಪ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಂಗಾದ್ರೆ ಸೋಡ ಅಲ್ಲ."

"ಅಲ್ಲಪ್ಪ. ಅಂಟು. ನಾನು ರೇಷ್ಮೆ ಹಾಕ್ಸಿ ಅನ್ಬಾರ್ದಾಗಿತ್ತು."

"ಕೇಳಿದ್ದು ನಾನು ಕಣಮ್ಮ, ನೀನಲ್ಲ" ಅಂದ. ಎದ್ದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, "ಇದನ್ನ ಬರೀ. ಹಿಂಗೆ ಕೆಲ್ಸ ಮಾಡೋರು ಈ ಊರಲ್ಲಿ ಎಷ್ಟು ಜನ ಅವ್ರೆ. ಗೂಡು ಬಿಚ್ಚೋ ಹೆಂಗಸ್ರು ಇಲ್ಲೇ ಪಕ್ಕದ ವಿಜಯಪುರದಲ್ಲಿ ಎಷ್ಟು ಜನ. ಅವ್ರಿಗೆ ಹೊಲಿಗೆ ಹಾಕೋ ಡಾಕ್ಟ್ರಿಗೆ ಗೊತ್ತಾಗ್ಬೇಕು" ಅಂದ. ನಾನು ಬರೀತೀನಿ ಅಂದೆ.

ಡಾಕ್ಟರು ನನ್ನ ಮಾತು ಕೇಳಿ ಅರ್ಧ ನಂಬಿದರು, ಅರ್ಧ ಇಲ್ಲ. ಆದರೂ ಏಳನೆಯ ತಿಂಗಳಲ್ಲಿ ಗಾಯವನ್ನು ಮತ್ತೆ ಬಿಚ್ಚಿ, ಉಳಿದ ರೇಷ್ಮೆಯನ್ನೆಲ್ಲ ಹುಡುಕಿ ತೆಗೆದು, ನೈಲಾನ್ ಹಾಕಿ ಹೊಲಿದರು. ಹತ್ತು ದಿನಕ್ಕೆ ಕೂಡಿತು, ಮತ್ತೆ ತೆರೆಯಲಿಲ್ಲ. ಆದರೆ ಎರಡು ಸಲ ಕೊಯ್ಯಿಸಿಕೊಂಡು, ಏಳು ತಿಂಗಳು ಕೀವು ತುಂಬಿದ್ದ ಹೊಟ್ಟೆಗೆ ಕೋಲು ಎತ್ತುವ ಶಕ್ತಿ ಬರಲಿಲ್ಲ. ಐವತ್ತನಾಲ್ಕನೆಯ ವಯಸ್ಸಿಗೆ ಅಪ್ಪ ಕೆಲಸವಿಲ್ಲದವನಾದ. ಹಂಡೆಗಳನ್ನು ಬೋರಲು ಹಾಕಿದೆವು.

ನಾನು ಲ್ಯಾಬಿನಲ್ಲಿ ಹೊಸ ಪ್ರಯೋಗ ಶುರುಮಾಡಿದೆ. ಒಂದಿಷ್ಟು ಇಲಿಗಳಿಗೆ ಮೊದಲೇ ಕೆಲವು ವಾರ ಅಂಟಿನ ನೀರನ್ನು ಚುಚ್ಚಿ ಪರಿಚಯ ಮಾಡಿಸಿ, ಆಮೇಲೆ ಅದೇ ಬೆಂದ ನೂಲನ್ನು ಇಟ್ಟೆ. ಮೊದಲು ಸುಮ್ಮನಿದ್ದ ನೂಲಿನ ಸುತ್ತ ಈಗ ಕಣಗಳು ದಟ್ಟವಾಗಿ ಮುತ್ತಿದ್ದವು. ನೀರು ಹಿಡಿಯುವ ಹಾಗೆ ಮಾಡಿದ ನನ್ನ ಹೆಮ್ಮೆಯ ಮೂರನೆಯ ನೂಲಿನ ಸುತ್ತಲೂ ಹಾಗೆಯೇ. ಆ ಸ್ಲೈಡುಗಳಲ್ಲಿ ನಾನು ಅಪ್ಪನ ಹೊಟ್ಟೆಯನ್ನು ನೋಡಿದೆ. ಇದನ್ನು ಕೊನೆಯ ಅಧ್ಯಾಯವಾಗಿ ಬರೆದು, ಅದರಲ್ಲಿ ಅಪ್ಪನ ವಿವರವನ್ನೂ ಮುಂಗೈ ಪರೀಕ್ಷೆಯನ್ನೂ ಸೇರಿಸಿ ಗೈಡಿಗೆ ಕೊಟ್ಟೆ.

ಅವರು ಓದಿ ಮೂರು ದಿನ ಇಟ್ಟುಕೊಂಡರು. ಆಮೇಲೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

"ನೋಡಿಮ್ಮ, ಇಲಿಗಳು ಬೆರಳೆಣಿಕೆಯಷ್ಟು. ಮನುಷ್ಯರು ಇಬ್ಬರು, ಅದರಲ್ಲಿ ಒಬ್ಬರು ನಿಮ್ಮ ತಂದೆ. ಪರೀಕ್ಷಕರು ನಗ್ತಾರೆ. ಮೊದಲ ನಾಲ್ಕು ಅಧ್ಯಾಯ ಚೆನ್ನಾಗಿವೆ, ರೇಷ್ಮೆ ಒಳ್ಳೆಯದು ಅಂತ ಹೇಳ್ತವೆ. ಐದನೆಯದು ಅದನ್ನೇ ಅಲ್ಲಗಳೆಯುತ್ತೆ. ಇದನ್ನ ಈಗ ತೆಗೀರಿ. ಮುಂದೆ ಬೇರೆ ಪೇಪರ್ ಮಾಡೋಣ."

"ಅಲ್ಲಗಳೆಯಲ್ಲ ಸಾರ್. ಯಾರಿಗೆ ಒಳ್ಳೇದು, ಯಾರಿಗೆ ಅಲ್ಲ ಅಂತ ಹೇಳುತ್ತೆ."

"ಹಾಗಾದ್ರೆ ಪೂರ್ತಿ ಮಾಡಿ. ಇನ್ನೊಂದು ವರ್ಷ ಬೇಕು. ನಿಮ್ಮ ಅವಧಿ ಈ ಮಾರ್ಚಿಗೆ ಮುಗಿಯುತ್ತೆ. ಇನ್ನೊಂದು ಸಲ ವಿಸ್ತರಣೆಗೆ ನಾನು ಸಹಿ ಹಾಕೋದು ಕಷ್ಟ."

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ನನಗೆ ಇವತ್ತಿಗೂ ಕಹಿ. ಅವಧಿ ಮುಗಿದರೆ ಐದು ವರ್ಷದ ಓದು ಮಣ್ಣುಪಾಲು, ಕೆಲಸವಿಲ್ಲದ ಅಪ್ಪನ ಮನೆಗೆ ಡಿಗ್ರಿಯಿಲ್ಲದ ಮಗಳಾಗಿ ಹೋಗಿ ಕೂರಬೇಕು. ಹೀಗೆ ಯೋಚಿಸಿದೆ ಎಂದು ಹೇಳಿಕೊಂಡರೆ ಕೇಳುವವರಿಗೆ ಅಯ್ಯೋ ಅನಿಸಬಹುದು. ನಿಜ ಇನ್ನೂ ಚಿಕ್ಕದು. ನನಗೆ ಹೆಸರಿನ ಮುಂದೆ ಡಾಕ್ಟರ್ ಎಂದು ಬೇಕಿತ್ತು. ಅಧ್ಯಾಯವನ್ನು ಕಿತ್ತೆ. ಉಳಿದದ್ದರಲ್ಲಿ ಎಲ್ಲಾದರೂ ಒಂದು ವಾಕ್ಯ, ಒಂದು ಅಡಿಟಿಪ್ಪಣಿ ಸೇರಿಸಬಹುದಿತ್ತು. ಅದನ್ನೂ ಸೇರಿಸಲಿಲ್ಲ, ಯಾರಾದರೂ ಕೆದಕಿ ಕೇಳಿಯಾರು ಎಂಬ ಹೆದರಿಕೆ. ಮುಂದೆ ಮಾಡೋಣ ಎಂದ ಪೇಪರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಡಿಗ್ರಿ ಬಂತು, ಅದೇ ಲ್ಯಾಬಿನಲ್ಲಿ ಕೆಲಸವೂ ಆಯಿತು. ಕೆಂಪು ರಟ್ಟು ಹಾಕಿ, ಬಂಗಾರದ ಅಕ್ಷರ ಒತ್ತಿಸಿದ ಪ್ರಬಂಧದ ಒಂದು ಪ್ರತಿಯನ್ನು ಮನೆಗೆ ತಂದೆ. ಅಪ್ಪ ಕೈ ತೊಳೆದು ಬಂದು ತೆಗೆದುಕೊಂಡ. ಇಂಗ್ಲಿಷ್ ಬರದಿದ್ದರೂ ಪುಟ ತಿರುವಿದ, ಚಿತ್ರಗಳನ್ನು ನೋಡಿದ.

"ನನ್ನ ವಿಷ್ಯ ಐತಾ ಇದ್ರಲ್ಲಿ?"

"ಐತಪ್ಪ" ಅಂದೆ.

ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಹೇಗೂ ಓದುವುದಿಲ್ಲವಲ್ಲ ಎಂದು ಒಳಗೆ ಒಂದು ಧೈರ್ಯವೂ ಇತ್ತು. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಅಪ್ಪ ಆ ಪುಸ್ತಕ ತೋರಿಸುವುದು ಶುರುವಾಯಿತು. ಅಂಗಿ ಎತ್ತಿ ಹೊಟ್ಟೆಯ ಗೆರೆ ತೋರಿಸಿ, "ಇದ್ರ ಕಥೆನೆಲ್ಲ ನಮ್ಮುಡುಗಿ ಇದ್ರೊಳಗೆ ಬರ್ದವ್ಳೆ" ಅನ್ನುತ್ತಿದ್ದ. ನಾನು ಮನೆಯಲ್ಲಿದ್ದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ನಾಚಿಕೆ ಸ್ವಭಾವ ಅವಳದು ಎಂದು ಅವರು ಅಂದುಕೊಂಡರು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅಕ್ಕನಿಗೆ ಗರ್ಭಕೋಶ ತೆಗೆಸಬೇಕು ಎಂದರು. ನಮ್ಮ ಹಂಡೆ ಬೋರಲಾದ ಮೇಲೆ ಅವಳು ಬೇರೆಯವರ ಹತ್ತಿರ ಅದೇ ಜಾಲಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಕೈ ಅದೇ ಪಾಡಿನಲ್ಲಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಅವಳು ಹೆದರಿ ಅಪ್ಪನ ಹತ್ತಿರ ಬಂದಳಂತೆ. ಅಪ್ಪ ಕೆಂಪು ರಟ್ಟಿನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟನಂತೆ. "ನೀನು ಬಾಯಲ್ಲಿ ಹೇಳಿದ್ರೆ ಕೇಳಲ್ಲ. ಇದನ್ನ ತೋರ್ಸು. ನೂಲಿನ ಕೆಲ್ಸ ಮಾಡೋಳು ನಾನು, ರೇಷ್ಮೆ ದಾರ ಬ್ಯಾಡ, ಇದ್ರಲ್ಲಿ ಬರ್ದೈತೆ ಅಂತ ಹೇಳು." ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ನಾನು ಜಗಲಿಯ ಮೇಲೆ ಕೂತಿದ್ದೆ. ಅಕ್ಕ ಆ ಪುಸ್ತಕ ಹಿಡಿದುಕೊಂಡು ನಗುತ್ತಾ ಬಂದಳು.

"ಅಣ್ಣ, ಡಾಕ್ಟ್ರಮ್ಮ ಪೂರ್ತಿ ನೋಡಿದ್ರು. ಹಿಂದ್ಗಡೆ ಹಾಳೇನ ಎರಡು ಸಲ ಓದಿದ್ರು. ಇದ್ರಲ್ಲಿ ರೇಷ್ಮೆ ಮೈಗೆ ಒಗ್ಗುತ್ತೆ ಅಂತ್ಲೇ ಬರ್ದಿದೆ, ನೀವು ಸುಮ್ನೆ ಹೆದ್ರಿದೀರ ಅಂದ್ರು. ಅಮ್ಮಣ್ಣಿ ಬರ್ದಿರೋದೇ ಹಂಗಂದ್ಮೇಲೆ ನಂಗೂ ಧೈರ್ಯ ಬಂತು. ಬುಧವಾರ ಆಪರೇಸನ್ನು. ಅವ್ರು ಯಾವ್ದು ಹಾಕಿದ್ರೂ ಹಾಕ್ಲಿ."

ಅಪ್ಪ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡ. ಬಟ್ಟೆ ಬಿಚ್ಚಿದ. ನನ್ನ ತೊಡೆಯ ಮೇಲೆ ತೆರೆದಿಟ್ಟ.

"ನಂದು ಯಾವ ಪುಟ, ತೋರ್ಸು. ಗುರ್ತು ಹಾಕಿ ಕೊಡು. ಅವ್ರು ನೋಡಿರಲ್ಲ."

ನಾನು ಪುಟ ತಿರುವಿದೆ. ಮೊದಲಿನಿಂದ ಕೊನೆಯವರೆಗೆ ತಿರುವಿದೆ, ಮತ್ತೆ ಹಿಂದಕ್ಕೆ ಬಂದೆ. ನಾನೇ ಬರೆದ, ನಾನೇ ಕಿತ್ತ ಪುಸ್ತಕದಲ್ಲಿ ಹುಡುಕುವವಳ ಹಾಗೆ ಬೆರಳು ಆಡಿಸುತ್ತಾ ಕೂತೆ. ಅಕ್ಕ ನಗು ನಿಲ್ಲಿಸಿದಳು. ಅಪ್ಪ ನನ್ನ ಬೆರಳನ್ನೇ ನೋಡುತ್ತಿದ್ದ.

"ಇಲ್ವಾ?" ಅಂದ.

ನಾನು ಪುಸ್ತಕ ಮುಚ್ಚಿದೆ.

"ಬರ್ದಿದ್ದೆ. ತೆಗೀ ಅಂದ್ರು. ತೆಗ್ದೆ."

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಜಗಲಿಯ ಕಂಬ ಹಿಡಿದು ಮೆಲ್ಲಗೆ ಎದ್ದ, ಎದ್ದು ನಿಲ್ಲುವುದಕ್ಕೆ ಅವನಿಗೆ ಈಗ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. "ಬರೀದೆ ಇದ್ರೆ ಬಿಡು. ಇಲ್ಲ ಅಂತ ನಂಗೊಂದು ಮಾತು ಹೇಳ್ಬಹುದಾಗಿತ್ತು. ನಾನು ಈ ಹೆಣ್ಮಗಳ ಕೈಗೆ ಅದನ್ನ ಕೊಟ್ಟು ಕಳಿಸ್ತಿರ್ಲಿಲ್ಲ."

ಅಕ್ಕ ನನ್ನ ಕಡೆ ನೋಡಿದಳು. ತನ್ನ ಮುಂಗೈ ಮೇಲೆ ನಾನು ಚುಚ್ಚಿದ್ದ ಜಾಗವನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು ಅವಳ ಜೊತೆ ಆಸ್ಪತ್ರೆಗೆ ಹೊರಟ. ನಾನು ರಜ ಹೇಳಿಕಳಿಸಿ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಬಂದೆ. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುತ್ತೇನೆ, ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ.

"ನೀನು ಬ್ಯಾಡ" ಅಂದ ಅಪ್ಪ. "ನೀನು ಬಂದ್ರೆ ಅವ್ರು ನಿನ್ನ ಪುಸ್ತಕದ ಮಾತು ಎತ್ತುತಾರೆ. ನನ್ನ ಹೊಟ್ಟೆ ತೋರಿಸ್ತೀನಿ, ಸಾಕು."

ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದು ಹೋದರು, ಅವನು ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, ಅವಳು ಅವನ ನಡಿಗೆಗೆ ತಕ್ಕಂತೆ ನಿಧಾನವಾಗಿ. ಡಾಕ್ಟರಮ್ಮ ಅಂಗಿ ಎತ್ತಿಸಿ ನೋಡಿದರಂತೆ, ಅವನ ಕೈಯನ್ನೂ ಅವಳ ಕೈಯನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ, ನೈಲಾನ್ ಎಂದು ಬರೆದುಕೊಂಡರಂತೆ. ಅಕ್ಕನ ಗಾಯ ತೊಂದರೆಯಿಲ್ಲದೆ ಮಾಗಿತು ಎಂದು ನನಗೆ ಹೇಳಿದ್ದು ಅಮ್ಮ. ಅಪ್ಪ ಇನ್ನೂ ಒಂಬತ್ತು ವರ್ಷ ಬದುಕಿದ್ದ. ಊಟ ಆಯ್ತಾ, ಬಸ್ಸು ಸಿಕ್ತಾ ಎಂದು ಕೇಳುತ್ತಿದ್ದ. ನನ್ನ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ.